ಜೆಟ್ ಇಳಿಯೋ ನೆಲ ಮತ್ತು ಸರ್ ಮಿರ್ಜಾ

ಮಂಡ್ಯಕ್ಕೆ ಖಾಸಗಿ ಜೆಟ್‌ನಲ್ಲಿ ಬರೋರು ಎಲ್ಲಿ ಇಳೀಬೇಕು? ಹಾಸ್ಟೆಲ್‌ನಲ್ಲಿ ನಾವು ಇದೇ ವಿಷಯಕ್ಕೆ ಅರ್ಧ ರಾತ್ರಿ ಜಗಳ ಆಡಿದ್ದೀವಿ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಪಕ್ಕದ ಮೈಸೂರಿನ ಮಂಡಕಳ್ಳಿ ರನ್‌ವೇ 1,740 ಮೀಟರ್. ಬೋಯಿಂಗ್‌ಗೆ ಸಾಲದು, ಸಣ್ಣ ಜೆಟ್‌ಗೆ ಸಾಕು. ಇನ್ನೊಂದು ಬೆಂಗಳೂರಿನ ಎಚ್‌ಎಎಲ್. 2008ರಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾದ ಮೇಲೆ ಅಲ್ಲಿ ಹೆಚ್ಚಾಗಿ ಖಾಸಗಿ, ವಿಐಪಿ ವಿಮಾನಗಳದ್ದೇ ಓಡಾಟ. ಎರಡರ ಬೇರೂ 1940ರ ಆಸುಪಾಸಿನ ಮೈಸೂರು ಸಂಸ್ಥಾನದಲ್ಲಿದೆ. ಎಚ್‌ಎಎಲ್‌ಗೆ ನೆಲ ಕೊಟ್ಟ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಲ್ಲಿ ದಿವಾನರಾದರು. ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರಲ್ಲ, ಆದ್ರೆ ಎಂಜಿನಿಯರುಗಳಿಗೆ ಕೆಲಸ ಕೊಟ್ಟವರು. ಕನ್ನಂಬಾಡಿ ನೀರನ್ನು ಹುಲಿಕೆರೆ ಸುರಂಗದ ಮೂಲಕ ಮಂಡ್ಯ ಸೀಮೆಗೆ ತಂದ ಇರ್ವಿನ್ ನಾಲೆ (ಈಗ ವಿಶ್ವೇಶ್ವರಯ್ಯ ನಾಲೆ) ಅವರ ಕಾಲದ್ದು. ನೀರು ಬಂತು, ಕಬ್ಬು ಬಂತು, 1933ರಲ್ಲಿ ಮೈಷುಗರ್ ಕಂಪನಿ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯ್ತು. ಮಳವಳ್ಳಿ ಕಡೆ ಶಿಂಷಾ ವಿದ್ಯುತ್ ಕೇಂದ್ರ ಶುರುವಾಗಿದ್ದು 1940ರಲ್ಲಿ.

ಇಷ್ಟು ಹೇಳಿ ಮದ್ದೂರನ್ನು ಬಿಟ್ಟರೆ ತಪ್ಪಾಗುತ್ತೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಲು ಹೋದ ಕಾಂಗ್ರೆಸ್ಸಿಗರನ್ನು ಬಂಧಿಸಿದ್ದು ಇದೇ ಮಿರ್ಜಾ ಸರ್ಕಾರ. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಆಮೇಲೆ ಪಟೇಲರ ಜತೆ ಮಾತುಕತೆಯಾಗಿ ಧ್ವಜಕ್ಕೆ ಅನುಮತಿ ಸಿಕ್ತು ನಿಜ, ಹೋದ ಜೀವ ಬರಲಿಲ್ಲ. ನಾಲೆ ನೋಡಿ ಇದನ್ನು ಮರೆಯೋಕೆ ನಮ್ಮಿಂದ ಆಗಲ್ಲ.

ಎರಡು ವರ್ಷದ ನಂತರ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದರು. ಯುದ್ಧದ ಕಾಲ. ಭಾರತದಲ್ಲಿ ವಿಮಾನ ಮಾಡ್ತೀವಿ ಅಂದ್ರೆ ನಗೋರೇ ಜಾಸ್ತಿ ಇದ್ದಿರಬೇಕು. ಮಿರ್ಜಾ ಸರ್ಕಾರ 700 ಎಕರೆ ಉಚಿತವಾಗಿ ಕೊಟ್ಟು, ಮೇಲೆ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕ್ತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯ್ತು. ಅಲ್ಲಿ ಜೋಡಿಸಿದ ಮೊದಲ ವಿಮಾನ, ಹಾರ್ಲೋ ತರಬೇತಿ ವಿಮಾನ, 1941ರ ಆಗಸ್ಟ್‌ನಲ್ಲಿ ಹಾರಿತು.

ಅದು ಹಾರುವಾಗ ಮಿರ್ಜಾ ದಿವಾನರಾಗಿರಲಿಲ್ಲ. ಹಳೇ ಗೆಳೆಯ ನಾಲ್ವಡಿಯವರು ತೀರಿಕೊಂಡಿದ್ದರು. ಹೊಸ ಮಹಾರಾಜರೊಂದಿಗೆ ಹೊಂದಾಣಿಕೆಯಾಗದೆ ಅದೇ ವರ್ಷ ರಾಜೀನಾಮೆ ಕೊಟ್ಟಿದ್ದರು. ಮುಂದೆ ಜೈಪುರ, ಹೈದರಾಬಾದ್‌ಗಳಲ್ಲಿ ಆಡಳಿತ ನಡೆಸಿ, 1959ರ ಜನವರಿಯಲ್ಲಿ ತೀರಿಕೊಂಡರು. ಎಚ್‌ಎಎಲ್‌ನಲ್ಲಿ ಜೆಟ್ ಇಳಿದವರು ಇವತ್ತಿಗೂ ಮದ್ದೂರು ದಾಟಿ ಮಂಡ್ಯಕ್ಕೆ ರಸ್ತೆಯಲ್ಲೇ ಬರಬೇಕು.