ಒಂದು ಹೊಡೆತದ ಲೆಕ್ಕ

ಕೋಯಂಬೇಡು ಎಂದರೆ ಚೆನ್ನೈ ಕನ್ನಡಿಗರಿಗೆ ಮೊದಲು ನೆನಪಾಗುವುದು ಊರಿಗೆ ಹೋಗುವ ಬಸ್ಸು, ಆಮೇಲೆ ಹೂವು-ತರಕಾರಿಯ ದೊಡ್ಡ ಮಾರುಕಟ್ಟೆ. ಗಾಲ್ಫ್ ಖಂಡಿತ ಅಲ್ಲ. ಆದರೆ ಇಲ್ಲಿ ಮೆಟ್ರೋ ಹತ್ತಿ, ಆಲಂದೂರಿನಲ್ಲಿ ಗಾಡಿ ಬದಲಿಸಿ ನಂದನಂನಲ್ಲಿ ಇಳಿದರೆ ಅಣ್ಣಾ ಸಾಲೈ ಬಳಿಯೇ ಗಾಲ್ಫ್ ಮೈದಾನವಿದೆ. ಕಂಪನಿ ಕೆಲಸದಲ್ಲಿ ನಾಲ್ಕು ಮೆಟ್ಟಿಲು ಮೇಲೇರಿದವರಿಗೆ ಒಂದಲ್ಲ ಒಂದು ದಿನ ಇಂಥ ಕಡೆಗೆ ಕರೆ ಬರುತ್ತದೆ. ಹೋದವರು ಮೊದಲು ಕಲಿಯುವುದು ಹೊಡೆಯುವುದನ್ನಲ್ಲ, ಸುಮ್ಮನೆ ನಿಲ್ಲುವುದನ್ನು. ಇನ್ನೊಬ್ಬರು ಹೊಡೆಯುವಾಗ ಮಾತಾಡಬಾರದು, ಅಲುಗಾಡಬಾರದು. ಗ್ರೀನ್ ಮೇಲೆ ಅವರ ಚೆಂಡು ಉರುಳಬೇಕಾದ ದಾರಿಯನ್ನು ತುಳಿಯಬಾರದು. ಬಂಕರಿನ ಮರಳಲ್ಲಿ ಮೂಡಿದ ನಮ್ಮ ಹೆಜ್ಜೆಗುರುತನ್ನು ನಾವೇ ಸಮ ಮಾಡಬೇಕು. ಹಿಂದಿನವರು ಬೇಗ ಆಡುತ್ತಿದ್ದರೆ ದಾರಿ ಬಿಡಬೇಕು.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಕ್ರಿಕೆಟ್ಟಿನಂತೆ ಇಲ್ಲಿ ಪ್ರತಿ ಹೊಡೆತವನ್ನೂ ನೋಡುವ ಅಂಪೈರ್ ಇರುವುದಿಲ್ಲ. ಪೊದೆಯ ಮರೆಯಲ್ಲಿ ಚೆಂಡು ಕದಲಿದರೆ ಅದನ್ನು ಕಂಡ ಆಟಗಾರನೇ ಹೇಳಿ ದಂಡ ಹಾಕಿಕೊಳ್ಳಬೇಕು. ಈ ಮಾತು ಬಂದಾಗಲೆಲ್ಲ ಗಾಲ್ಫ್ ಬಲ್ಲವರು ನೆನೆಯುವ ಹೆಸರು ಬಾಬಿ ಜೋನ್ಸ್.

ಅಮೆರಿಕದ ಅಟ್ಲಾಂಟಾದಲ್ಲಿ 1902ರ ಮಾರ್ಚ್ 17ರಂದು ಹುಟ್ಟಿದ ಜೋನ್ಸ್, 14ನೇ ವಯಸ್ಸಿಗೇ ದೇಶದ ಅಮೆಚೂರ್ ಚಾಂಪಿಯನ್‌ಷಿಪ್‌ನಲ್ಲಿ ಆಡಿದರು. ಕೈಯಲ್ಲಿ ಆಟವಿತ್ತು, ಮೂಗಿನ ತುದಿಯಲ್ಲಿ ಕೋಪವಿತ್ತು. ಹೊಡೆತ ತಪ್ಪಿದರೆ ಕ್ಲಬ್ ಎಸೆಯುತ್ತಿದ್ದರು. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನ ಮೂರನೇ ಸುತ್ತಿನಲ್ಲಿ ಆಟ ಕೆಟ್ಟಿತು. 11ನೇ ಹೋಲ್‌ನಲ್ಲಿ ಸಿಟ್ಟಿಗೆದ್ದು ಚೆಂಡನ್ನೇ ಎತ್ತಿಕೊಂಡು ಸ್ಪರ್ಧೆಯಿಂದ ಹೊರಬಿದ್ದರು. ಅದೇ ವರ್ಷ ಅಮೆರಿಕದಲ್ಲಿ ಅವರು ಎಸೆದ ಕ್ಲಬ್ ಹೋಗಿ ನೋಡಲು ಬಂದಿದ್ದ ಮಹಿಳೆಯೊಬ್ಬರ ಕಾಲಿಗೆ ಬಡಿಯಿತು. ಸಿಟ್ಟು ಹತೋಟಿಗೆ ಬರುವವರೆಗೆ ಟೂರ್ನಿಗಳಲ್ಲಿ ಜಾಗವಿಲ್ಲ ಎಂದು ಅಲ್ಲಿನ ಗಾಲ್ಫ್ ಸಂಸ್ಥೆಯ ಅಧ್ಯಕ್ಷರು ಎಚ್ಚರಿಸಿದರು. ಆಗ ಅವರಿಗೆ 19 ವರ್ಷ.

ನಾಲ್ಕು ವರ್ಷ ಕಳೆಯಿತು. 1925ರ ಯು.ಎಸ್. ಓಪನ್, ಮ್ಯಾಸಚೂಸೆಟ್ಸ್‌ನ ವೂಸ್ಟರ್. ಮೊದಲ ಸುತ್ತಿನ 11ನೇ ಹೋಲ್‌ನಲ್ಲಿ ಹುಲ್ಲಿನ ನಡುವೆ ಕ್ಲಬ್ ಇಟ್ಟು ಸಿದ್ಧರಾಗುವಾಗ ಚೆಂಡು ಕೂದಲೆಳೆಯಷ್ಟು ಕದಲಿತು. ಬೇರೆ ಯಾರೂ ನೋಡಿರಲಿಲ್ಲ. ಜೋನ್ಸ್ ತಾವೇ ಹೇಳಿದರು. ಜೊತೆ ಆಟಗಾರ ವಾಲ್ಟರ್ ಹೇಗನ್ ಬೇಡವೆಂದರು, ಅಧಿಕಾರಿಗಳೂ ಅನುಮಾನಿಸಿದರು. ಇವರು ಜಗ್ಗಲಿಲ್ಲ, ಕಾರ್ಡಿನಲ್ಲಿ ಒಂದು ಹೊಡೆತ ಸೇರಿಸಿಕೊಂಡರು. 76 ಆಗಬೇಕಿದ್ದದ್ದು 77 ಆಯಿತು.

ಆ ಒಂದು ಹೊಡೆತ ಕೊನೆಯಲ್ಲಿ ಬಂದು ಕೂತಿತು. 72 ಹೋಲ್‌ಗಳ ನಂತರ ಜೋನ್ಸ್ ಮತ್ತು ವಿಲಿ ಮ್ಯಾಕ್‌ಫರ್ಲೇನ್ ಇಬ್ಬರದೂ 291. ಪ್ಲೇ-ಆಫ್‌ನ ಮೊದಲ 18ರಲ್ಲಿ ಇಬ್ಬರದೂ 75. ಮತ್ತೆ 18 ಆಡಿದಾಗ ಮ್ಯಾಕ್‌ಫರ್ಲೇನ್ 72, ಜೋನ್ಸ್ 73. ಬಾಯಿ ಮುಚ್ಚಿಕೊಂಡಿದ್ದರೆ ಪ್ಲೇ-ಆಫ್ ಇಲ್ಲದೆಯೇ ಗೆಲ್ಲುತ್ತಿದ್ದ ಕಪ್ ಅದು. ಜನ ಹೊಗಳಿದಾಗ ಜೋನ್ಸ್‌ಗೆ ಅದು ಹಿಡಿಸಲಿಲ್ಲ. ನಿಯಮದಂತೆ ಆಡಿದ್ದಕ್ಕೆ ಶಹಬ್ಬಾಸ್‌ಗಿರಿ ಏಕೆ ಎಂಬುದು ಅವರ ನಿಲುವು.

ಮುಂದಿನ ವರ್ಷವೇ ಯು.ಎಸ್. ಓಪನ್ ಗೆದ್ದರು. 1927ರಲ್ಲಿ, ಹಿಂದೆ ಚೆಂಡೆತ್ತಿಕೊಂಡು ಹೋದ ಅದೇ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಗೆದ್ದು, ಟ್ರೋಫಿಯನ್ನು ಅಲ್ಲಿನವರ ಬಳಿಯೇ ಬಿಟ್ಟರು. 1930ರಲ್ಲಿ ಅಮೆರಿಕ, ಬ್ರಿಟನ್ನುಗಳ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದು 28ನೇ ವಯಸ್ಸಿಗೆ ನಿವೃತ್ತರಾದರು. ಅಷ್ಟೂ ಕಾಲ ಬಹುಮಾನದ ಹಣ ಮುಟ್ಟದ ಅಮೆಚೂರ್, ವೃತ್ತಿಯಲ್ಲಿ ವಕೀಲರು.

ಕಥೆಯ ಇನ್ನೊಂದು ಪುಟವನ್ನೂ ಓದಬೇಕು. ಜೋನ್ಸ್ ಮುಂದೆ ನಿಂತು ಕಟ್ಟಿದ ಅಗಸ್ಟಾ ನ್ಯಾಷನಲ್ ಕ್ಲಬ್‌ನಲ್ಲಿ 1934ರಿಂದ ಮಾಸ್ಟರ್ಸ್ ಟೂರ್ನಿ ನಡೆಯುತ್ತಿದೆ. ಅಲ್ಲಿ ಆಗ ಚೀಲ ಹೊರುತ್ತಿದ್ದ ಕ್ಯಾಡಿಗಳು ಕಪ್ಪು ಜನರಾಗಿದ್ದರು. ಆದರೆ ಕಪ್ಪು ಆಟಗಾರ ಲೀ ಎಲ್ಡರ್ ಆ ಟೂರ್ನಿಗೆ ಕಾಲಿಟ್ಟದ್ದು 1975ರಲ್ಲಿ, ಜೋನ್ಸ್ ತೀರಿಹೋದ ಮೇಲೆ. ಕ್ಲಬ್‌ಗೆ ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ. ಎದುರಾಳಿಗೆ ಅಷ್ಟು ಮರ್ಯಾದೆ ಕೊಟ್ಟ ಆಟ, ಪಕ್ಕದಲ್ಲೇ ಚೀಲ ಹೊತ್ತು ನಿಂತವನನ್ನು ಎದುರಾಳಿಯಾಗಲು ಬಿಟ್ಟಿರಲಿಲ್ಲ. ಪರಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಊರು, ಭಾಷೆ, ಜಾತಿಯ ಪ್ರಶ್ನೆಗಳಿಗೆ ಉತ್ತರಿಸಿದ ನಮಗೆ, ಬೇಲಿಯೊಳಗಿನ ಸೌಜನ್ಯಕ್ಕೂ ಬೇಲಿಯಾಚೆಗಿನ ಸೌಜನ್ಯಕ್ಕೂ ಇರುವ ಅಂತರ ಬಿಡಿಸಿ ಹೇಳಬೇಕಿಲ್ಲ.

1948ರ ನಂತರ ಜೋನ್ಸ್‌ಗೆ ಆಡಲಾಗಲಿಲ್ಲ. ಬೆನ್ನುಹುರಿಯ ಕಾಯಿಲೆ ಮೊದಲು ಊರುಗೋಲು ಹಿಡಿಸಿತು, ಆಮೇಲೆ ಗಾಲಿಕುರ್ಚಿಗೆ ಕೂರಿಸಿತು. 1958ರಲ್ಲಿ ಸೇಂಟ್ ಆಂಡ್ರೂಸ್ ಅವರಿಗೆ ಗೌರವ ಪೌರತ್ವ ಕೊಟ್ಟಿತು. ಬೆಂಜಮಿನ್ ಫ್ರಾಂಕ್ಲಿನ್ ನಂತರ ಆ ಗೌರವ ಪಡೆದ ಮೊದಲ ಅಮೆರಿಕನ್ ಅವರು. 1971ರ ಡಿಸೆಂಬರ್ 18ರಂದು ಅಟ್ಲಾಂಟಾದಲ್ಲಿ ನಿಧನರಾದರು. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನದ 10ನೇ ಹೋಲ್‌ಗೆ ಈಗ ಅವರ ಹೆಸರು. ಅದನ್ನು ದಾಟಿದರೆ ಮುಂದಿನದೇ, 19ರ ಹುಡುಗ ಸಿಟ್ಟಿನಿಂದ ಚೆಂಡು ಎತ್ತಿಕೊಂಡ 11ನೆಯದು.