ಇ. ಎಸ್. ವೆಂಕಟರಾಮಯ್ಯ

ಇ. ಎಸ್. ವೆಂಕಟರಾಮಯ್ಯ (18 ಡಿಸೆಂಬರ್ 1924 – 24 ಸೆಪ್ಟೆಂಬರ್ 1997) ಭಾರತದ 19ನೆಯ ಮುಖ್ಯ ನ್ಯಾಯಮೂರ್ತಿಗಳು. ಇಂದಿನ ಮಂಡ್ಯ ಜಿಲ್ಲೆಯ ಪಾಂಡವಪುರ ಸೀಮೆಯವರು.

ವಿದ್ಯಾಭ್ಯಾಸ ಮತ್ತು ವೃತ್ತಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಇವರು, ಪುಣೆಯಲ್ಲಿಯೂ ಬೆಳಗಾವಿಯ ಟಿಳಕವಾಡಿಯಲ್ಲಿರುವ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿಯೂ ಕಾನೂನು ವ್ಯಾಸಂಗ ಮಾಡಿದರು. 1946ರಲ್ಲಿ ವಕೀಲಿ ವೃತ್ತಿ ಆರಂಭಿಸಿದರು. 1970ರಲ್ಲಿ ಮೈಸೂರು ಉಚ್ಚ ನ್ಯಾಯಾಲಯದ, 1979ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು.

ಗಂಗಾ ಮಾಲಿನ್ಯ ಪ್ರಕರಣ

ಕಾನಪುರದ ಚರ್ಮ ಹದ ಮಾಡುವ ಕಾರ್ಖಾನೆಗಳು ಕೊಳೆನೀರನ್ನು ಗಂಗೆಗೆ ಬಿಡುತ್ತಿದ್ದುದರ ವಿರುದ್ಧ ವಕೀಲ ಎಂ. ಸಿ. ಮೆಹ್ತಾ ದಾವೆ ಹೂಡಿದ್ದರು. ಇದರಲ್ಲಿ ಎರಡೂ ಕಡೆ ಭಾವನೆಗೆ ಎಡೆಯಿತ್ತು: ಒಂದೆಡೆ ಜನರು ತಾಯಿಯೆಂದು ಪೂಜಿಸುವ ನದಿ, ಇನ್ನೊಂದೆಡೆ ಕೆಲಸ ಕಳೆದುಕೊಳ್ಳಬಹುದಾದ ಕಾರ್ಮಿಕರು. 1987ರ ಸೆಪ್ಟೆಂಬರ್ 22ರ ತೀರ್ಪಿನಲ್ಲಿ ವೆಂಕಟರಾಮಯ್ಯನವರು ಸಂವಿಧಾನದ 48ಎ ಹಾಗೂ 51ಎ ವಿಧಿಗಳನ್ನೂ ಜಲಮಾಲಿನ್ಯ, ಪರಿಸರ ಕಾಯಿದೆಗಳನ್ನೂ ಆಧರಿಸಿದರು. ಕನಿಷ್ಠ ಕೂಲಿ ಕೊಡಲಾರದ ಉದ್ಯಮಕ್ಕೆ ಹೇಗೆ ಅವಕಾಶವಿಲ್ಲವೋ, ಕೊಳೆನೀರಿನ ಪ್ರಾಥಮಿಕ ಶುದ್ಧೀಕರಣ ಘಟಕವನ್ನು ಸ್ಥಾಪಿಸಲಾರದ ಕಾರ್ಖಾನೆಗೂ ಹಾಗೆಯೇ ಅವಕಾಶವಿಲ್ಲವೆಂಬುದು ಅವರ ತರ್ಕವಾಗಿತ್ತು. ಘಟಕ ಸ್ಥಾಪಿಸಲು ಒಪ್ಪಿದವರಿಗೆ ಕಾಲಾವಕಾಶ ದೊರೆಯಿತು. ಉಳಿದವರು ಕೆಲಸ ನಿಲ್ಲಿಸಬೇಕಾಯಿತು. ಪೀಠದ ಇನ್ನೊಬ್ಬ ನ್ಯಾಯಮೂರ್ತಿ ಕೆ. ಎನ್. ಸಿಂಗ್ ಅವರು ನಿರುದ್ಯೋಗದ ಕಷ್ಟವನ್ನು ಗುರುತಿಸಿಯೂ, ಜನರ ಜೀವ ಮತ್ತು ಆರೋಗ್ಯವೇ ಹೆಚ್ಚಿನದೆಂದು ಪ್ರತ್ಯೇಕವಾಗಿ ಬರೆದರು.

1988ರ ಜನವರಿಯಲ್ಲಿ ಇದೇ ಪ್ರಕರಣದ ಮುಂದಿನ ತೀರ್ಪು, ಶಾಲೆಗಳಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಪರಿಸರ ಪಾಠ ನಡೆಯುವಂತೆ ನೋಡಿಕೊಳ್ಳಲು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ನದಿಯ ಮೇಲಿನ ಭಕ್ತಿಯೊಂದೇ ನದಿಯನ್ನು ಕಾಯದು, ಅದಕ್ಕೆ ತಿಳಿವಳಿಕೆಯೂ ಬೇಕು ಎಂಬ ನಿಲುವು ಈ ಸೂಚನೆಯಲ್ಲಿ ಕಾಣುತ್ತದೆ.

ಕುಟುಂಬ

ಇವರ ಪುತ್ರಿ ಬಿ. ವಿ. ನಾಗರತ್ನ ಅವರು 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ ನೇಮಕಗೊಂಡರು.