ಅವನೀಂದ್ರನಾಥ ಠಾಕೂರ್ (1871–1951): ಬಂಗಾಳ ಚಿತ್ರಕಲಾ ಪಂಥದ ಪ್ರವರ್ತಕರು

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳು ಜಗತ್ತಿನ ಚಿತ್ರಕಲೆಯ ಇತಿಹಾಸದಲ್ಲಿ ಬಹು ಮುಖ್ಯವಾದ ಕಾಲ. ಪ್ಯಾರಿಸ್, ಮ್ಯೂನಿಕ್ ಮೊದಲಾದ ಯೂರೋಪಿನ ನಗರಗಳಲ್ಲಿ ಹೊಸ ಪಂಥಗಳು ಹುಟ್ಟಿ, ಕಂಡ ವಸ್ತುವನ್ನು ಕಂಡಂತೆಯೇ ಚಿತ್ರಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟವು. ಅದೇ ಅವಧಿಯಲ್ಲಿ ಭಾರತದ ಕಲ್ಕತ್ತೆಯಲ್ಲಿಯೂ ಒಂದು ಹೊಸ ಪಂಥ ರೂಪುಗೊಂಡಿತು. ಬಂಗಾಳ ಪಂಥವೆಂದು ಹೆಸರಾದ ಈ ಚಳವಳಿಯ ಪ್ರವರ್ತಕರು ಶ್ರೀ ಅವನೀಂದ್ರನಾಥ ಠಾಕೂರರು. ಇವರ ಜೀವನ ಹಾಗೂ ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಮನೆತನ

ಅವನೀಂದ್ರನಾಥರು 1871ರ ಆಗಸ್ಟ್ 7ರಂದು ಕಲ್ಕತ್ತೆಯ ಜೋಡಾಸಾಂಕೊದಲ್ಲಿರುವ ಠಾಕೂರ್ ಮನೆತನದಲ್ಲಿ ಜನಿಸಿದರು. ತಂದೆ ಗುಣೇಂದ್ರನಾಥರು 1881ರಲ್ಲಿ ತೀರಿಕೊಂಡಾಗ ಬಾಲಕನಿಗೆ ಇನ್ನೂ ಹತ್ತು ವರ್ಷ. ಕವಿ ರವೀಂದ್ರನಾಥ ಠಾಕೂರರು ಸಂಬಂಧದಲ್ಲಿ ಇವರಿಗೆ ಚಿಕ್ಕಪ್ಪ. ಅಣ್ಣ ಗಗನೇಂದ್ರನಾಥರು ಹಾಗೂ ತಂಗಿ ಸುನಯನಿ ದೇವಿಯವರು ಸಹ ಮುಂದೆ ಹೆಸರಾಂತ ಚಿತ್ರಕಲಾವಿದರಾದರು.

ಶಿಕ್ಷಣ

ಸಂಸ್ಕೃತ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಅವನೀಂದ್ರನಾಥರು 1890ರ ದಶಕದಲ್ಲಿ ಇಟಲಿಯ ಕಲಾವಿದ ಗಿಲಾರ್ಡಿಯವರಲ್ಲಿ ಪ್ಯಾಸ್ಟೆಲ್ ಚಿತ್ರರಚನೆಯನ್ನೂ, ಇಂಗ್ಲೆಂಡಿನ ಪಾಮರ್ ಅವರಲ್ಲಿ ತೈಲವರ್ಣವನ್ನೂ ಕಲಿತರು. ಕೈ ಪಳಗಿತು, ಆದರೆ ಮನಸ್ಸಿಗೆ ತೃಪ್ತಿಯಾಗಲಿಲ್ಲ. ಈ ಸಂದರ್ಭದಲ್ಲಿ ಚಿತ್ರಾಲಂಕಾರವುಳ್ಳ ಒಂದು ಐರಿಷ್ ಗೀತೆಗಳ ಪುಸ್ತಕವೂ ಮೊಗಲ್ ಶೈಲಿಯ ಕಿರುಚಿತ್ರಗಳ ಒಂದು ಸಂಪುಟವೂ ಅವರ ಕೈಸೇರಿದವು. ದೂರದ ಎರಡು ದೇಶಗಳ ಈ ಚಿತ್ರಗಳಲ್ಲಿ ಸೂಕ್ಷ್ಮ ರೇಖೆ ಮತ್ತು ಅಲಂಕಾರದ ಸಾಮ್ಯವಿರುವುದನ್ನು ಅವರು ಗುರುತಿಸಿದರು. ಇದರ ಫಲವಾಗಿ ರಾಧಾಕೃಷ್ಣರ ಲೀಲೆಗಳನ್ನು ಕುರಿತ ಚಿತ್ರಮಾಲೆ ರಚನೆಯಾಯಿತು.

ಸರ್ಕಾರಿ ಕಲಾಶಾಲೆ

1896ರಲ್ಲಿ ಇ.ಬಿ. ಹ್ಯಾವೆಲ್ ಅವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ಮುಖ್ಯಸ್ಥರಾಗಿ ಬಂದರು. ಗ್ರೀಕ್ ಮೂರ್ತಿಗಳ ಗಚ್ಚಿನ ಪ್ರತಿಗಳನ್ನು ನೋಡಿ ಬರೆಯುವುದೇ ಅಲ್ಲಿಯ ಪಾಠವಾಗಿತ್ತು. ಹ್ಯಾವೆಲ್ ಅವರು ಶಾಲೆಯ ಚಿತ್ರಶಾಲೆಯಲ್ಲಿದ್ದ ಯೂರೋಪಿನ ಚಿತ್ರಗಳ ಪ್ರತಿಗಳನ್ನು ತೆಗೆದು, ಮೊಗಲ್ ಮತ್ತು ಇತರ ಭಾರತೀಯ ಚಿತ್ರಗಳನ್ನು ಸಂಗ್ರಹಿಸತೊಡಗಿದರು. ಇದನ್ನು ವಿದ್ಯಾರ್ಥಿಗಳೇ ಪ್ರತಿಭಟಿಸಿದ್ದು ಗಮನಾರ್ಹ. ಪಾಶ್ಚಾತ್ಯ ಕಲೆಯನ್ನು ಕಲಿಯುವ ಅವಕಾಶ ತಮಗೆ ತಪ್ಪುತ್ತದೆಂದು ಭಾವಿಸಿ ಕೆಲವರು ಶಾಲೆಯನ್ನೇ ಬಿಟ್ಟುಹೋದರು.

ಹ್ಯಾವೆಲ್ ಅವರ ಒತ್ತಾಯದ ಮೇರೆಗೆ ಅವನೀಂದ್ರನಾಥರು 1905ರ ಆಗಸ್ಟ್‌ನಲ್ಲಿ ಈ ಶಾಲೆಯ ಉಪಪ್ರಾಂಶುಪಾಲರ ಹುದ್ದೆಯನ್ನು ಸ್ವೀಕರಿಸಿದರು. 1906ರಲ್ಲಿ ಹ್ಯಾವೆಲ್ ಅವರು ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ ನಂತರ, 1909ರವರೆಗೆ ಪ್ರಭಾರ ಪ್ರಾಂಶುಪಾಲರಾಗಿ ಕಾರ್ಯನಿರ್ವಹಿಸಿದರು. 1915ರಲ್ಲಿ ಸೇವೆಯನ್ನು ತ್ಯಜಿಸಿದರು.

ಷಹಜಹಾನನ ಕೊನೆಯ ಗಳಿಗೆಗಳು

ಕಲ್ಕತ್ತೆಯಲ್ಲಿ ಪ್ಲೇಗ್ ಹರಡಿದಾಗ ಅವನೀಂದ್ರನಾಥರು ತಮ್ಮ ಪುಟ್ಟ ಮಗಳನ್ನು ಕಳೆದುಕೊಂಡರು. ಆ ದುಃಖವೆಲ್ಲವೂ 1902ರ ಒಂದು ತೈಲಚಿತ್ರದಲ್ಲಿ ಹರಿದುಬಂದಿತೆಂದು ಅವರೇ ಮುಂದೆ ಸ್ಮರಿಸಿದ್ದಾರೆ. ಆಗ್ರಾ ಕೋಟೆಯಲ್ಲಿ ಸೆರೆಯಾಗಿರುವ ವೃದ್ಧ ಷಹಜಹಾನನು ದೂರದ ತಾಜ್‌ಮಹಲಿನ ಕಡೆಗೆ ದೃಷ್ಟಿ ನೆಟ್ಟು ಮಲಗಿದ್ದಾನೆ. ಕಾಲಬಳಿ ಮಗಳು ಜಹನಾರಾ ಕುಳಿತಿದ್ದಾಳೆ. ದೆಹಲಿ ದರ್ಬಾರಿನ ಸಂದರ್ಭದ ಪ್ರದರ್ಶನದಲ್ಲಿ ಈ ಕೃತಿಗೆ ಬೆಳ್ಳಿಯ ಪದಕ ದೊರೆಯಿತು. ಮೊಗಲ್ ಚಿತ್ರಗಳಲ್ಲಿ ರೇಖೆ ಮತ್ತು ವರ್ಣದ ಕೌಶಲವಿದ್ದರೂ ಭಾವದ ಕೊರತೆಯಿದೆಯೆಂಬುದು ಅವರ ಅಭಿಪ್ರಾಯವಾಗಿತ್ತು. ಆ ಕೊರತೆಯನ್ನು ತುಂಬುವುದೇ ಅವರ ಮುಂದಿನ ಕೆಲಸವಾಯಿತು.

ವಾಶ್ ಶೈಲಿ

1902ರಲ್ಲಿ ಜಪಾನಿನ ವಿದ್ವಾಂಸ ಒಕಾಕುರಾ ಅವರು ಕಲ್ಕತ್ತೆಯಲ್ಲಿದ್ದರು. ಅವರ ಪ್ರೇರಣೆಯಿಂದ 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಎಂಬ ಇಬ್ಬರು ಜಪಾನೀ ಚಿತ್ರಕಾರರು ಅಲ್ಲಿಗೆ ಬಂದರು. ತೈಕಾನ್ ಅವರು ಅಗಲವಾದ ಕುಂಚದಿಂದ ನೀರು ಸವರಿ ಬಣ್ಣವನ್ನು ಹರಡುವುದನ್ನು ಅವನೀಂದ್ರನಾಥರು ಗಮನಿಸಿದರು. ಅದನ್ನು ತಮ್ಮದೇ ರೀತಿಯಲ್ಲಿ ಬದಲಿಸಿಕೊಂಡರು.

ಈ ವಿಧಾನದಲ್ಲಿ ಮೊದಲು ಕಾಗದದ ಮೇಲೆ ರೇಖೆಗಳನ್ನು ಬರೆದು ತೆಳುವಾದ ಜಲವರ್ಣವನ್ನು ಹಚ್ಚಲಾಗುತ್ತದೆ. ಅದು ಒಣಗಿದ ಬಳಿಕ ಇಡೀ ಹಾಳೆಯನ್ನು ನೀರಿನಲ್ಲಿ ಅದ್ದಲಾಗುತ್ತದೆ. ಕಾಗದವು ಹೀರಿಕೊಂಡ ಬಣ್ಣ ಉಳಿದು ಹೆಚ್ಚಿನದು ತೊಳೆದುಹೋಗುತ್ತದೆ. ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಹಲವು ಬಾರಿ ಮಾಡಿದಾಗ ಚಿತ್ರಕ್ಕೆ ಮಂಜು ಕವಿದ ಸಂಜೆಯ ಕಾಂತಿ ಬರುತ್ತದೆ. ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬ ಪ್ರಶ್ನೆಗೆ ಇಲ್ಲಿ ಪ್ರಾಮುಖ್ಯವಿಲ್ಲ. ರಾಜಾ ರವಿವರ್ಮರ ತೈಲಚಿತ್ರಗಳಲ್ಲಿ ಮೈಕಟ್ಟು, ರೇಷ್ಮೆ ಸೀರೆ, ಒಡವೆಗಳು ಕೈಗೆ ಸಿಗುವಂತೆ ಕಂಡರೆ, ಅವನೀಂದ್ರನಾಥರ ಚಿತ್ರಗಳಲ್ಲಿ ವಸ್ತು ಕರಗಿ ಭಾವ ಉಳಿಯುತ್ತದೆ.

ಭಾರತ ಮಾತೆ

1905ರಲ್ಲಿ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಭುಗಿಲೆದ್ದಿತು. ಸರ್ಕಾರಿ ಶಾಲೆಯ ಹುದ್ದೆಗೆ ಸೇರಿದ ಅದೇ ವರ್ಷ ಅವನೀಂದ್ರನಾಥರು ಭಾರತ ಮಾತೆಯ ಚಿತ್ರವನ್ನು ರಚಿಸಿದರು. ಕಾವಿಯುಟ್ಟ ತಪಸ್ವಿನಿಯ ನಾಲ್ಕು ಕೈಗಳಲ್ಲಿ ಆಯುಧಗಳಿಲ್ಲ. ಅನ್ನ, ವಸ್ತ್ರ, ವಿದ್ಯೆ ಮತ್ತು ದೀಕ್ಷೆಗಳ ಸಂಕೇತವಾಗಿ ಭತ್ತದ ತೆನೆ, ಬಿಳಿಯ ಬಟ್ಟೆ, ಪುಸ್ತಕ ಹಾಗೂ ಜಪಮಾಲೆಗಳಿವೆ. ಸೋದರಿ ನಿವೇದಿತಾ ಅವರು ಈ ಚಿತ್ರವನ್ನು ಬಹುವಾಗಿ ಮೆಚ್ಚಿ, ಇದರ ಪ್ರತಿಗಳು ದೇಶದ ಮೂಲೆಮೂಲೆಗೂ ತಲುಪಬೇಕೆಂದು ಆಶಿಸಿದರು.

ಗುರುವಾಗಿ

ಅವನೀಂದ್ರನಾಥರು ಶಿಷ್ಯರ ಮುಂದೆ ಮಾದರಿಯನ್ನಿಟ್ಟು ನಕಲು ಮಾಡಿಸುತ್ತಿರಲಿಲ್ಲ. ತರಗತಿಯಲ್ಲಿ ರಾಮಾಯಣ, ಮಹಾಭಾರತಗಳ ಪಾರಾಯಣ ಮಾಡಿಸುತ್ತಿದ್ದರು. ಶಿಷ್ಯ ನಂದಲಾಲ ಬೋಸರು ಒಮ್ಮೆ ತಪಸ್ಸಿನಲ್ಲಿರುವ ಉಮೆಯ ಚಿತ್ರವನ್ನು ಬರೆದು ತೋರಿಸಿದರು. ಚಿತ್ರ ತೀರ ಬರಿದಾಗಿದೆ, ಉಮೆಗೆ ಸ್ವಲ್ಪ ಅಲಂಕಾರ ಬೇಕು ಎಂದು ಗುರುಗಳು ಸೂಚಿಸಿದರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಶಿವನಿಗಾಗಿ ಎಲ್ಲವನ್ನೂ ತೊರೆದವಳಿಗೆ ಒಡವೆಯೇಕೆ ಎಂಬ ವಿಚಾರ ಕಾಡಿತು. ಬೆಳಗಾಗುತ್ತಲೇ ಶಿಷ್ಯನಿದ್ದಲ್ಲಿಗೆ ಧಾವಿಸಿ, ಚಿತ್ರವನ್ನು ಮುಟ್ಟದಂತೆ ತಡೆದರು. ನಂದಲಾಲರು ಕುಂಚ ಹಿಡಿದು ತಿದ್ದಲು ಆಗಲೇ ಸಿದ್ಧರಾಗಿದ್ದರು. ಕಲಿಸುವವನ ಕಣ್ಣು ಕಲಿಯುವವನ ಕಣ್ಣನ್ನು ಮುಚ್ಚಬಾರದೆಂಬ ಎಚ್ಚರ ಅವರಲ್ಲಿ ಸದಾ ಇತ್ತು.

ಶಿಷ್ಯರ ಮೂಲಕ ಈ ಪಂಥವು ದೇಶದಾದ್ಯಂತ ಹರಡಿತು. ನಂದಲಾಲರು ಶಾಂತಿನಿಕೇತನದ ಕಲಾಭವನದ ನೇತೃತ್ವ ವಹಿಸಿದರು; ಭಾರತ ಸಂವಿಧಾನದ ಮೂಲಪ್ರತಿಯ ಚಿತ್ರಾಲಂಕಾರ ಅವರ ಮತ್ತು ಅವರ ಶಿಷ್ಯರ ಕೈಯಲ್ಲಿ ಮೂಡಿತು. ಅಸಿತ್ ಕುಮಾರ್ ಹಾಲ್ದಾರ್ ಲಖನೌ ಕಲಾಶಾಲೆಯನ್ನೂ, ದೇವಿಪ್ರಸಾದ್ ರಾಯ್ ಚೌಧುರಿ ಮದರಾಸು ಕಲಾಶಾಲೆಯನ್ನೂ ಮುನ್ನಡೆಸಿದರು.

ಮೈಸೂರಿನ ಕೆ. ವೆಂಕಟಪ್ಪನವರು

ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥವು 1913ರಲ್ಲಿ ಪ್ರಕಟವಾದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಭಾರತೀಯ ಶಿಲ್ಪ ಮತ್ತು ಚಿತ್ರಗಳಲ್ಲಿನ ಅಂಗರಚನೆಯನ್ನು ಕುರಿತ ಅವನೀಂದ್ರನಾಥರ ಪ್ರಬಂಧಕ್ಕೆ ನಂದಲಾಲರೊಂದಿಗೆ ರೇಖಾಚಿತ್ರಗಳನ್ನು ಒದಗಿಸಿದವರೂ ಇವರೇ. ಮೈಸೂರಿಗೆ ಮರಳಿದ ಮೇಲೆ ವೆಂಕಟಪ್ಪನವರು ಗುರುವಿನ ಮಂಜಿನ ಶೈಲಿಯಲ್ಲೇ ನಿಲ್ಲಲಿಲ್ಲ. ಊಟಿ ಮತ್ತು ಕೊಡೈಕನಾಲಿನ ಬೆಟ್ಟ, ಕೆರೆ, ಮೋಡಗಳನ್ನು ನಿಸರ್ಗದ ಎದುರು ಕುಳಿತು ಸೂಕ್ಷ್ಮವಾಗಿ ಚಿತ್ರಿಸಿದರು. ಗಚ್ಚಿನ ಉಬ್ಬುಶಿಲ್ಪಗಳನ್ನೂ ರಚಿಸಿದರು.

ಯೂರೋಪಿನ ಪಂಥಗಳೊಡನೆ ಸಂಪರ್ಕ

ಅವನೀಂದ್ರನಾಥರು ಮತ್ತು ಗಗನೇಂದ್ರನಾಥರು ಹ್ಯಾವೆಲ್ ಮುಂತಾದವರ ಸಹಕಾರದಿಂದ 1907ರಲ್ಲಿ ಪ್ರಾಚ್ಯಕಲೆಯ ಭಾರತೀಯ ಸಂಘವನ್ನು ಸ್ಥಾಪಿಸಿದರು. 1914ರಲ್ಲಿ ಈ ಪಂಥದ ಕೃತಿಗಳು ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡವು. 1922ರ ಡಿಸೆಂಬರ್‌ನಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಕಾಂಡಿನ್‌ಸ್ಕಿ, ಪಾಲ್ ಕ್ಲೀ ಮೊದಲಾದವರ ಕೃತಿಗಳು ಇದೇ ಸಂಘದ ಆಶ್ರಯದಲ್ಲಿ ಕಲ್ಕತ್ತೆಯಲ್ಲಿ ಪ್ರದರ್ಶಿತವಾದವು. ಅದೇ ಕಾಲದಲ್ಲಿ ಗಗನೇಂದ್ರನಾಥರು ಕ್ಯೂಬಿಸಂ ಪದ್ಧತಿಯಿಂದ ಪ್ರೇರಿತರಾಗಿ ಬೆಳಕು ನೆರಳುಗಳ ಕೋನಾಕೃತಿಗಳನ್ನು ರಚಿಸಿದರು. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ದಾರಿಗಳಲ್ಲಿ ನಡೆದರು.

ಟೀಕೆ ಮತ್ತು ಬದಲಾವಣೆ

ಕಾಲಕ್ರಮೇಣ ಬಂಗಾಳ ಪಂಥವು ಅನೇಕ ಅನುಯಾಯಿಗಳ ಕೈಯಲ್ಲಿ ಒಂದು ಸೂತ್ರವಾಯಿತು. ಅರೆಮುಚ್ಚಿದ ಕಣ್ಣು, ಬಳುಕುವ ಬೆರಳು, ಮಸುಕು ಬಣ್ಣ ಇಷ್ಟಿದ್ದರೆ ಭಾರತೀಯ ಚಿತ್ರವಾಯಿತೆಂಬ ಭಾವನೆ ಬೆಳೆಯಿತು. 1930ರ ದಶಕದಲ್ಲಿ ಅಮೃತಾ ಶೇರ್‌ಗಿಲ್ ಅವರು ಈ ಪಂಥವನ್ನು ತೀವ್ರವಾಗಿ ಟೀಕಿಸಿದರು. ಈ ಟೀಕೆ ನಿರಾಧಾರವಾದುದಲ್ಲ. ಆದರೆ ಪ್ರವರ್ತಕರು ಆ ಸೂತ್ರಕ್ಕೆ ಕಟ್ಟುಬಿದ್ದಿರಲಿಲ್ಲ. 1930ರಲ್ಲಿ ಅವನೀಂದ್ರನಾಥರು ರಚಿಸಿದ ಅರೇಬಿಯನ್ ನೈಟ್ಸ್ ಚಿತ್ರಮಾಲೆಯಲ್ಲಿ ಬಾಗ್ದಾದಿನ ಕಥೆಗಳೊಳಗೆ ಅವರ ಕಾಲದ ಕಲ್ಕತ್ತೆಯ ಜನಜೀವನವೇ ತುಂಬಿಕೊಂಡಿದೆ. ಪುರಾಣವನ್ನು ಬಿಟ್ಟು ನೆರೆಹೊರೆಯನ್ನು ನೋಡಿದ ಈ ಚಿತ್ರಗಳನ್ನು ಅವರ ಶ್ರೇಷ್ಠ ಕೃತಿಗಳಲ್ಲಿ ಎಣಿಸಲಾಗಿದೆ.

ಸಾಹಿತ್ಯ ಮತ್ತು ಕೊನೆಯ ವರ್ಷಗಳು

ಬಂಗಾಳಿ ಮಕ್ಕಳ ಸಾಹಿತ್ಯದಲ್ಲಿಯೂ ಇವರದು ದೊಡ್ಡ ಹೆಸರು. ಶಕುಂತಲಾ, ಕ್ಷೀರೇರ್ ಪುತುಲ್, ರಾಜಕಾಹಿನಿ ಇವರ ಪ್ರಸಿದ್ಧ ಕೃತಿಗಳು. 1921ರಿಂದ 1929ರವರೆಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ವಾಗೇಶ್ವರಿ ಪ್ರಾಧ್ಯಾಪಕರಾಗಿ ಕಲೆಯನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ರವೀಂದ್ರನಾಥರ ನಿಧನಾನಂತರ ವಿಶ್ವಭಾರತಿಯ ಕುಲಪತಿಗಳೂ ಆಗಿದ್ದರು.

ಮನೆತನದ ಆರ್ಥಿಕ ಸ್ಥಿತಿ ಕುಸಿದು, 1941ರಲ್ಲಿ ಅವರು ಜೋಡಾಸಾಂಕೊದ ಮನೆಯನ್ನು ಬಿಡಬೇಕಾಯಿತು. ಆ ಮನೆ ಮುಂದೆ ಕೆಡವಲ್ಪಟ್ಟಿತು. ಇಳಿವಯಸ್ಸಿನಲ್ಲಿ ಒಣಗಿದ ಕೊಂಬೆ, ಬೇರು, ಮರದ ಚೂರುಗಳನ್ನು ಆರಿಸಿ, ಅವುಗಳಲ್ಲಿಯೇ ಅಡಗಿದ್ದ ಹಕ್ಕಿ, ಪ್ರಾಣಿ, ಮನುಷ್ಯರ ಆಕಾರಗಳನ್ನು ತೋರಿಸುವ ಗೊಂಬೆಗಳನ್ನು ಮಾಡುತ್ತಿದ್ದರು. 1951ರ ಡಿಸೆಂಬರ್ 5ರಂದು ನಿಧನ ಹೊಂದಿದರು.

ಸಾರ್ವಜನಿಕರ ಗಮನಕ್ಕೆ

1. ಭಾರತ ಮಾತೆ ಹಾಗೂ ಷಹಜಹಾನನ ಕೊನೆಯ ಗಳಿಗೆಗಳನ್ನು ಕುರಿತ ಮೂಲಚಿತ್ರಗಳು ಕೋಲ್ಕತ್ತಾದ ವಿಕ್ಟೋರಿಯಾ ಮೆಮೋರಿಯಲ್ ವಸ್ತುಸಂಗ್ರಹಾಲಯದಲ್ಲಿವೆ. ಶಿಷ್ಯ ವೆಂಕಟಪ್ಪನವರ ಕೃತಿಗಳ ಸಂಗ್ರಹವು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿದೆ.

2. ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972ರ ಅಡಿಯಲ್ಲಿ ಒಂಬತ್ತು ಕಲಾವಿದರ ಕೃತಿಗಳನ್ನು ಕಲಾನಿಧಿಗಳೆಂದು ಘೋಷಿಸಲಾಗಿದ್ದು, ಅವರಲ್ಲಿ ಅವನೀಂದ್ರನಾಥರೂ ಒಬ್ಬರು. ಖಾಸಗಿಯವರ ಬಳಿಯಿರುವ ಇಂತಹ ಕೃತಿಗಳನ್ನು ದೇಶದೊಳಗೆ ಮಾರಬಹುದು. ಆದರೆ ಖಾಸಗಿಯವರು ಹೊರದೇಶಕ್ಕೆ ರಫ್ತು ಮಾಡುವುದು ನಿಷಿದ್ಧ.